ಪಡಖಾನೆಯ ಬಾಗಿಲಲ್ಲಿ ಹಾಡು

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಮರ್ಫಿ ಟೌನಿಗೆ ಮೊದಲಿದ್ದ ಹೆಸರು ನಾಕ್ಸ್‌ಪೇಟೆ. ದಂಡಿನ ದುಡಿಯುವ ಜನಕ್ಕೆಂದು ಅಳತೆ ಹಾಕಿ, ಬೀದಿ ಎಳೆದು ಕಟ್ಟಿದ ಬಡಾವಣೆ. ಎಂಜಿನಿಯರ್ ಮರ್ಫಿಯ ಹೆಸರು ಊರಿಗೆ ನಿಂತಿತು. ಇದೇ ಹೆಸರಿನ ಇನ್ನೊಬ್ಬ ಮರ್ಫಿ ಇದ್ದ. ಅವನಿಗೂ ಈ ಊರಿಗೂ ಸಂಬಂಧವಿಲ್ಲ. ಆದರೆ ಈ ಕತೆ ಶುರುವಾಗಬೇಕಾದ್ದು ಅವನಿಂದಲೇ.

ಫ್ರಾನ್ಸಿಸ್ ಮರ್ಫಿ ಐರ್ಲೆಂಡಿನಲ್ಲಿ ಹುಟ್ಟಿ, ಹರೆಯದಲ್ಲೇ ಅಮೆರಿಕಕ್ಕೆ ಹೋಗಿ, ಮೇನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಹೆಂಡದಂಗಡಿ ಇಟ್ಟುಕೊಂಡಿದ್ದವನು. ಮಾರುತ್ತ ಮಾರುತ್ತ ತಾನೂ ಕುಡುಕನಾದ, ಸಂಸಾರವನ್ನು ಬೀದಿಗೆ ತಂದ, 1870ರಲ್ಲಿ ಜೈಲು ಸೇರಿದ. ಹೊರಗೆ ಬಂದವನು ಊರೂರು ತಿರುಗಿ ತನ್ನ ಕತೆಯನ್ನೇ ಹೇಳತೊಡಗಿದ. 1876-77ರ ಚಳಿಗಾಲದಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಮಿಕರು ಸಾವಿರಗಟ್ಟಲೆ ಬಂದು ಅವನ ಮಾತು ಕೇಳಿದರು. ಕೇಳಿದವರ ಕೈಗೆ ಅವನು ಒಂದು ಚೀಟಿ ಕೊಡುತ್ತಿದ್ದ. ಅದರಲ್ಲಿ ಅಚ್ಚಾಗಿದ್ದ ಪ್ರತಿಜ್ಞೆಯ ಕೆಳಗೆ ಸಹಿ ಹಾಕಿದವರ ಅಂಗಿಗೆ ಒಂದು ತುಂಡು ನೀಲಿ ಪಟ್ಟಿ ಸಿಕ್ಕಿಸುತ್ತಿದ್ದ. ಆಮೇಲೆ ಎಲ್ಲರೂ ಸೇರಿ ಹಾಡುತ್ತಿದ್ದರು.

ಚೀಟಿ, ಪಟ್ಟಿ, ಹಾಡು. ಪಾನವಿರೋಧಿ ಚಳವಳಿ ಲೋಕದ ಯಾವ ಮೂಲೆಗೆ ಹೋದರೂ ಅದರ ಗಂಟಿನಲ್ಲಿದ್ದದ್ದು ಈ ಮೂರೇ ಸಾಮಾನು. ಬೆಂಗಳೂರಿನಲ್ಲಿ, ಅದರಲ್ಲೂ ದಂಡಿನ ಸುತ್ತಮುತ್ತ, ಈ ಗಂಟು ಇಂಗ್ಲಿಷಿನಲ್ಲಿ ಬಿಚ್ಚಿಕೊಂಡಿತು, ತಮಿಳಿನಲ್ಲಿ ಬಿಚ್ಚಿಕೊಂಡಿತು, ಕನ್ನಡದಲ್ಲೂ ಬಿಚ್ಚಿಕೊಂಡಿತು. ಸುಮಾರು ನೂರೈವತ್ತು ವರ್ಷಗಳ ಈ ಹಾಡುಗಳನ್ನು ಒಟ್ಟಿಗಿಟ್ಟು ನೋಡುವಾಗ ಕೇಳಬೇಕಾದ ಪ್ರಶ್ನೆ ಒಂದಿದೆ. ಹಾಡು ಯಾರನ್ನು ಕರೆದು ಮಾತಾಡುತ್ತಿದೆ? ಕುಡಿಯುವವನನ್ನೋ, ಕುಡಿಸುವವನನ್ನೋ?

ದಂಡು ಬಂದದ್ದು 1809ರಲ್ಲಿ. ಸೈನ್ಯ ಶ್ರೀರಂಗಪಟ್ಟಣದ ಜ್ವರದ ಹವೆಯನ್ನು ಬಿಟ್ಟು ಹಲಸೂರಿನ ಬಯಲಿಗೆ ಬಂತು. ಅದರ ಬೆನ್ನಿಗೆ ಸಾರಾಯಿಯೂ ಬಂತು. ಗೋರಾ ಸಿಪಾಯಿಗಳ ಕಾಯಿಲೆ, ಜಗಳ, ಕೋರ್ಟ್ ಮಾರ್ಷಲ್‌ಗಳಿಗೆ ಕುಡಿತವೇ ದೊಡ್ಡ ಕಾರಣ ಎಂಬುದನ್ನು ಸೈನ್ಯದ ಅಧಿಕಾರಿಗಳೇ ಒಪ್ಪಿಕೊಂಡಿದ್ದರು. 1862ರಲ್ಲಿ ಆಗ್ರಾದಲ್ಲಿ ಗ್ರೆಗ್ಸನ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಸಿಪಾಯಿಗಳಿಗಾಗಿ ಒಂದು ಪಾನತ್ಯಾಗ ಸಂಘ ಕಟ್ಟಿದ. 1888ರಲ್ಲಿ ದಂಡನಾಯಕ ರಾಬರ್ಟ್ಸ್ ಅಂಥ ಹಲವು ಸಂಘಗಳನ್ನು ಒಂದುಗೂಡಿಸಿ ಸೈನ್ಯ ಪಾನನಿಗ್ರಹ ಸಂಘವನ್ನು ನಿಲ್ಲಿಸಿದ. ರೆಜಿಮೆಂಟುಗಳಲ್ಲಿ ಸಂಘದ ಕೋಣೆಗಳು ತೆರೆದವು. ಅಲ್ಲಿ ಚಹಾ, ಕಾಫಿ, ಪತ್ರಿಕೆ, ಆಟದ ಮೇಜು ಇದ್ದವು. ಸಂಜೆ ಹಾಡಿನ ಕೂಟ ನಡೆಯುತ್ತಿತ್ತು.

ಸಂಘದ್ದೇ ಒಂದು ಪತ್ರಿಕೆಯಿತ್ತು, ಹೆಸರು 'ಆನ್ ಗಾರ್ಡ್'. ಪದಕಗಳೂ ಇದ್ದವು. ಆರು ತಿಂಗಳು ಮುಟ್ಟದೆ ಇದ್ದವನಿಗೆ ಒಂದು, ವರ್ಷ ದಾಟಿದವನಿಗೆ ಇನ್ನೊಂದು. ಎಚ್ಚರವಾಗಿರು, ನಶೆಯಿಲ್ಲದೆ ಇರು ಎಂಬ ಅರ್ಥದ ಧ್ಯೇಯವಾಕ್ಯ ಅವುಗಳ ಮೇಲೆ. ಯುದ್ಧದಲ್ಲಿ ಗೆದ್ದ ಪದಕದ ಹಾಗೆಯೇ ಕಾಣುವ, ಪಟ್ಟಿ ಹೊಲಿದ ಈ ಬೆಳ್ಳಿಯ ಬಿಲ್ಲೆಗಳು ಹಳೆಯ ನಾಣ್ಯ ಸಂಗ್ರಹಿಸುವವರ ಪೆಟ್ಟಿಗೆಗಳಲ್ಲಿ ಇವತ್ತಿಗೂ ಸಿಗುತ್ತವೆ. ಇಪ್ಪತ್ತರ ಹುಡುಗನೊಬ್ಬ ಪರದೇಶದ ಬ್ಯಾರಕ್ಕಿನಲ್ಲಿ ಆರು ತಿಂಗಳು ತನ್ನ ಜೊತೆಗೇ ಹೋರಾಡಿ ಇದನ್ನು ಗಳಿಸಿದ ಎಂದು ನೆನೆದರೆ ಆ ಬಿಲ್ಲೆಯ ತೂಕವೇ ಬೇರೆಯಾಗುತ್ತದೆ.

ಆದರೆ ಆ ಸಿಪಾಯಿಯ ಕುದುರೆ ಮಾಲೀಸು ಮಾಡುತ್ತಿದ್ದವನಿಗೆ, ಅವನ ಬಟ್ಟೆ ಒಗೆಯುತ್ತಿದ್ದವಳಿಗೆ, ಅವನ ಕಕ್ಕಸು ಬಳಿಯುತ್ತಿದ್ದವನಿಗೆ ಪದಕವಿರಲಿಲ್ಲ, ಕಾಫಿಯ ಕೋಣೆಯೂ ಇರಲಿಲ್ಲ. ಅವರ ಬೀದಿಯಲ್ಲಿದ್ದದ್ದು ಗುತ್ತಿಗೆಯ ಪಡಖಾನೆ. ಸರ್ಕಾರ ಹೆಂಡ, ಸಾರಾಯಿಯ ಹಕ್ಕನ್ನು ಹರಾಜು ಹಾಕುತ್ತಿತ್ತು. ಹೆಚ್ಚು ಕೂಗಿದವನಿಗೆ ಅಂಗಡಿ, ಹೆಚ್ಚು ಮಾರಿದರಷ್ಟೇ ಅವನಿಗೆ ಲಾಭ. ಇಂಗ್ಲೆಂಡಿನ ಪಾರ್ಲಿಮೆಂಟ್ ಸದಸ್ಯ ಡಬ್ಲ್ಯು. ಎಸ್. ಕೇನ್ ಮತ್ತು ಗೆಳೆಯರು 1889ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಕಟ್ಟಿ ಈ ಪದ್ಧತಿಯನ್ನೇ ಪ್ರಶ್ನಿಸಿದರು. ಅವರ ಪತ್ರಿಕೆಯ ಹೆಸರು 'ಅಬಕಾರಿ'. ನಮ್ಮ ತಾಲ್ಲೂಕು ಕಚೇರಿಯ ಮಾತೊಂದು ಲಂಡನ್ನಿನ ಮುಖಪುಟಕ್ಕೆ ಏರಿದ್ದು ಹೀಗೆ. ಅತ್ತ ವ್ಯಾಪಾರವೂ ಕೈಕಟ್ಟಿ ಕೂತಿರಲಿಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಆರಂಭಿಸಿದ. ಗೋರಾ ಪಡೆಗಳೇ ಅದರ ಮೊದಲ ದೊಡ್ಡ ಗಿರಾಕಿಗಳು.

ಪದಕ ಸಿಗದವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಅಯೋತಿದಾಸ ಪಂಡಿತರು ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಬೆಂಗಳೂರಿನಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ಶಾಖೆಗಳು ಹುಟ್ಟಿದವು. ಅಸ್ಪೃಶ್ಯರೆನಿಸಿಕೊಂಡಿದ್ದ ತಮಿಳು ಮಾತಿನ ಜನ, ಗಣಿಯ ಕೂಲಿಗಳು, ದಂಡಿನ ಸಣ್ಣ ನೌಕರರು ಅಲ್ಲಿ ಸೇರಿ ಪಂಚಶೀಲ ಹೇಳುತ್ತಿದ್ದರು. ಐದನೆಯ ಶೀಲ ಮತ್ತು ಬರಿಸುವ ಪದಾರ್ಥವನ್ನು ಮುಟ್ಟೆನೆಂಬುದು. ಪಂಡಿತರು 1907ರಿಂದ ನಡೆಸಿದ 'ತಮಿಳನ್' ವಾರಪತ್ರಿಕೆ ಗಣಿಯ ಲೈನು ಮನೆಗಳವರೆಗೂ ಹೋಗುತ್ತಿತ್ತು. ಪಾದ್ರಿಯ ಪ್ರತಿಜ್ಞೆಗೂ ಈ ಶೀಲಕ್ಕೂ ಮಾತಿನಲ್ಲಿ ಅಂತರ ಕಡಿಮೆ, ಭಾವದಲ್ಲಿ ಬಹಳ. ಅಲ್ಲಿ ಪಾಪಿಯೊಬ್ಬ ತಪ್ಪೊಪ್ಪಿಕೊಳ್ಳುತ್ತಾನೆ. ಇಲ್ಲಿ ಕೀಳೆಂದು ಕರೆಸಿಕೊಂಡವನು, ತನ್ನ ಪೂರ್ವಿಕರು ಶೀಲವಂತರಾಗಿದ್ದರು, ಆ ಬಾಳನ್ನು ತಾನು ಮರಳಿ ಪಡೆಯುತ್ತಿದ್ದೇನೆ ಎಂದು ತಲೆಯೆತ್ತಿ ಹೇಳುತ್ತಾನೆ.

ಹೆಂಗಸರ ದನಿ ಬೇರೆ ಕಡೆಯಿಂದ ಬಂತು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅಮೆರಿಕಕ್ಕೆ ಹೋದಾಗ ಅವರು ಅಲ್ಲಿನ ಕ್ರೈಸ್ತ ಮಹಿಳೆಯರ ಪಾನನಿಗ್ರಹ ಒಕ್ಕೂಟದ ಕೆಲಸ ಕಂಡು ಬೆರಗಾದರು, ಅದರ ನಾಯಕಿ ಫ್ರಾನ್ಸೆಸ್ ವಿಲ್ಲರ್ಡ್ ಅವರ ಗೆಳತಿಯಾದರು, 1889ರಲ್ಲಿ ಮರಾಠಿಯಲ್ಲಿ ಬರೆದ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಅದನ್ನೆಲ್ಲ ವಿವರವಾಗಿ ಬರೆದರು. ಅವರನ್ನು ಸೆಳೆದದ್ದು ಆ ಹೆಂಗಸರ ಸಂಘಟನೆ. ಮತದ ಹಕ್ಕು ಇಲ್ಲದ ಹೆಂಗಸರು ಸಾರಾಯಿ ಅಂಗಡಿಯ ಮುಂದೆ ನಿಂತು ಪ್ರಾರ್ಥಿಸಿ, ಹಾಡಿ, ಅಂಗಡಿಯವನು ತಾನಾಗಿ ಕದ ಮುಚ್ಚುವಂತೆ ಮಾಡಿದ್ದರು. ಅವರ ಕಾಲದ ಹಾಡುಗಳಲ್ಲಿ ಕುಡುಕ ಅಪ್ಪನನ್ನು ಮನೆಗೆ ಕರೆಯುವ ಪುಟ್ಟ ಮಗಳ ಹಾಡಿಗೆ ಹೆಚ್ಚು ಹೆಸರು. 1864ರಲ್ಲಿ ಹೆನ್ರಿ ಕ್ಲೇ ವರ್ಕ್ ಬರೆದದ್ದು. ರಾತ್ರಿಯ ಗಂಟೆ ಹೊಡೆದಂತೆಲ್ಲ ಮನೆಯಲ್ಲಿ ತಮ್ಮನ ಉಸಿರು ಕ್ಷೀಣಿಸುತ್ತದೆ, ಅಪ್ಪ ಏಳುವುದಿಲ್ಲ. ಕೇಳುವವರ ಕರುಳು ಹಿಂಡಲೆಂದೇ ಕಟ್ಟಿದ ಹಾಡು ಎಂದು ಅದನ್ನು ಕಡೆಗಣಿಸುವುದು ಸುಲಭ. ಬಟವಾಡೆಯ ಸಂಜೆ ಪಡಖಾನೆಯ ಬಾಗಿಲಲ್ಲಿ ಅಪ್ಪನ ಪಂಚೆಯ ಅಂಚು ಹಿಡಿದು ನಿಂತ ಮಗುವನ್ನು ನೋಡಿದವರು ಹಾಗೆ ಮಾಡಲಾರರು.

ಬೆಂಗಳೂರಿನ ಆಗ್ನೇಯಕ್ಕೆ, ಗಡಿಯ ಆಚೆ ನಡೆದ ಪ್ರಯೋಗ ಇನ್ನೂ ದೊಡ್ಡದು. ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿ, 1929ರಲ್ಲಿ ತಿರುಚೆಂಗೋಡಿನ ಗಾಂಧಿ ಆಶ್ರಮದಿಂದ 'ವಿಮೋಚನಂ' ಎಂಬ ತಮಿಳು ಮಾಸಿಕ ಹೊರಡಿಸಿದರು. ಮೊದಲ ಪುಟದಿಂದ ಕೊನೆಯ ಪುಟದವರೆಗೂ ಪಾನನಿಷೇಧ ಒಂದೇ ವಿಷಯ. ಕತೆ, ಹಾಡು, ವ್ಯಂಗ್ಯಚಿತ್ರ, ಲೆಕ್ಕಾಚಾರ ಎಲ್ಲವೂ ಅದರ ಸುತ್ತಲೇ. ಸಂಪಾದನೆಯಲ್ಲಿ ಅವರ ಕೈಕೆಳಗೆ ದುಡಿದ ತರುಣ ಮುಂದೆ ತಮಿಳಿನ ಬಹುದೊಡ್ಡ ಕಾದಂಬರಿಕಾರನಾದ ಕಲ್ಕಿ ಕೃಷ್ಣಮೂರ್ತಿ. ಹತ್ತು ಸಂಚಿಕೆ ಬರುವಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ ಬಂತು, ಪತ್ರಿಕೆ ನಿಂತಿತು. ಒಂದೇ ಮಾತನ್ನು ಹತ್ತು ತಿಂಗಳು ಹೇಳುತ್ತ ಓದುಗನಿಗೆ ಬೇಸರ ಬಾರದಂತೆ ನೋಡಿಕೊಳ್ಳುವುದು ಯಾವ ಬರಹಗಾರನಿಗೂ ಕಠಿಣ ಗರಡಿ. ಕಲ್ಕಿಯ ಕೈ ಪಳಗಿದ್ದರಲ್ಲಿ ಆ ಗರಡಿಯ ಪಾಲೂ ಇದೆ.

ರಾಜಾಜಿ ಮದರಾಸಿನ ಪ್ರಧಾನಿಯಾದ ಮೇಲೆ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ಬಂತು. ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಅಂದರೆ ಬೆಂಗಳೂರಿನಿಂದ ಹತ್ತಿಪ್ಪತ್ತು ಮೈಲಿ ದಾಟಿದರೆ ಹೆಂಡದಂಗಡಿ ಇಲ್ಲದ ನಾಡು. ಹೋದ ವರಮಾನ ತುಂಬಿಕೊಳ್ಳಲು 1939ರಲ್ಲಿ ಮದರಾಸು ಸರ್ಕಾರ ಮಾರಾಟ ತೆರಿಗೆಯನ್ನು ತಂದಿತು. ಹೆಂಡದ ದುಡ್ಡಿಲ್ಲದೆ ಸರ್ಕಾರ ನಡೆಯದು ಎನ್ನುವವರಿಗೆ ಅವರು ಕೊಟ್ಟ ಉತ್ತರ ಅದು. ತಮಿಳು ಸಿನಿಮಾ ಕೂಡ ಈ ಕೆಲಸಕ್ಕೆ ಕೈಜೋಡಿಸಿತು. 1949ರ 'ನಲ್ಲ ತಂಬಿ' ಚಿತ್ರಕ್ಕೆ ಕತೆ ಅಣ್ಣಾದುರೈ ಅವರದು. ಅದರಲ್ಲಿ ನಗೆನಟ ಎನ್. ಎಸ್. ಕೃಷ್ಣನ್ ಹರಿಕತೆಯ ಧಾಟಿ ಹಿಡಿದು ದಲಿತ ಹುಡುಗನೊಬ್ಬನ ಓದಿನ ಕತೆ ಹೇಳಿದರು, ಚಿತ್ರದುದ್ದಕ್ಕೂ ಪಾನನಿಷೇಧದ ಪರವಾಗಿ ವಾದಿಸಿದರು. ಉಪದೇಶವನ್ನು ನಗುವಿನಲ್ಲಿ ಅದ್ದಿ ಕೊಡುವುದು ಅವರಷ್ಟು ಬಲ್ಲವರು ಕಡಿಮೆ.

ಕನ್ನಡ ನಾಡಿನಲ್ಲಿ ಈ ಚಳವಳಿಗೆ ರಕ್ತದ ಕಲೆಯೂ ಇದೆ. 1921ರ ಜುಲೈ 1ರಂದು ಧಾರವಾಡದ ಜಕಣಿ ಬಾವಿಯ ಬಳಿ ಸಾರಾಯಿ ಅಂಗಡಿಯ ಮುಂದೆ ಕಾಂಗ್ರೆಸ್ ಮತ್ತು ಖಿಲಾಫತ್ ಸ್ವಯಂಸೇವಕರು ಪಿಕೆಟಿಂಗ್ ಮಾಡುತ್ತಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಕುಡಿಯಬೇಡಿರಪ್ಪಾ ಎಂದು ಕೈಮುಗಿದದ್ದಕ್ಕೆ ಗುಂಡೇ ಎಂದು ನಾಡು ಕೇಳಿತು. ಉತ್ತರ ಗೊತ್ತಿದ್ದದ್ದೇ: ಅಂಗಡಿ ಮುಚ್ಚಿದರೆ ಖಜಾನೆಗೆ ಪೆಟ್ಟು ಬೀಳುತ್ತಿತ್ತು.

ಅಲ್ಲಿಂದ ಮುಂದೆ ಪ್ರಭಾತಫೇರಿಗಳಲ್ಲಿ ಖಾದಿಯ ಹಾಡಿನ ಜೊತೆಗೆ ಹೆಂಡದ ವಿರುದ್ಧದ ಹಾಡೂ ಸೇರಿಕೊಂಡಿತು. ಉತ್ತರ ಕರ್ನಾಟಕದಲ್ಲಿ ಗೀಗೀ ಮೇಳಗಳು ಸ್ವದೇಶಿಯ ಮಾತನ್ನು ಹಳ್ಳಿಗೆ ಒಯ್ದವು. ತುಂತುಣಿ, ದಪ್ಪಿನ ಸದ್ದಿಗೆ ಜನ ಸೇರಿದ ಮೇಲೆ ಚಹಾ, ವಿದೇಶಿ ಬಟ್ಟೆ, ಶೇಂದಿ ಎಲ್ಲವೂ ಸವಾಲು ಜವಾಬಿನೊಳಗೆ ಬರುತ್ತಿದ್ದವು. ಈ ಮಾದರಿ ಪಾನವಿರೋಧಕ್ಕೆ ಹೇಳಿ ಮಾಡಿಸಿದಂತಿದೆ. ಒಬ್ಬ ಪ್ರಶ್ನೆ ಎಸೆಯುತ್ತಾನೆ, ಹಿಮ್ಮೇಳ ಎತ್ತಿಕೊಳ್ಳುತ್ತದೆ, ಕೂತ ಜನರೂ ಸೊಲ್ಲಿಗೆ ದನಿಗೂಡಿಸುತ್ತಾರೆ. ಕುಡಿದು ಬಂದವನೂ ಅರಿಯದೆ ಸೊಲ್ಲು ಹೇಳಿರುತ್ತಾನೆ.

ಹಳೆಯ ಮೈಸೂರಿನಲ್ಲಿ 1939ರ ತುರುವನೂರು ಸತ್ಯಾಗ್ರಹ ನಡೆಯಿತು. ಚಿತ್ರದುರ್ಗದ ಬಳಿಯ ಆ ಊರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಹೋಗಿ ಸರ್ಕಾರದ ಈಚಲು ಮರಗಳನ್ನು ಕಡಿದರು. ಈಚಲು ಮರ ಹೆಂಡದ ಮೂಲ, ಹೆಂಡ ಸರ್ಕಾರದ ವರಮಾನದ ಮೂಲ. ಮರಕ್ಕೆ ಕೊಡಲಿ ಹಾಕಿದರೆ ಎರಡಕ್ಕೂ ಏಟು ಬೀಳುತ್ತದೆ ಎಂಬುದು ಯಾವ ಭಾಷಣವೂ ಬೇಡದೆ ಎಲ್ಲರಿಗೂ ತಿಳಿಯುತ್ತಿತ್ತು. ಜೈಲು ಸೇರಿದವರಲ್ಲಿ ಎಸ್. ನಿಜಲಿಂಗಪ್ಪನವರೂ ಇದ್ದರು.

ಇದೇ ದಶಕದಲ್ಲಿ ಕನ್ನಡ ಕಾವ್ಯಕ್ಕೆ ಒಬ್ಬ ಹೆಂಡಗುಡುಕ ಬಂದ. ಜಿ. ಪಿ. ರಾಜರತ್ನಂ ಅವರ ರತ್ನ. ನಾಡೆಲ್ಲ ಪಿಕೆಟಿಂಗ್ ಮಾಡುತ್ತಿದ್ದ ಹೊತ್ತಿನಲ್ಲಿ ಬೀದಿಯ ಕನ್ನಡದಲ್ಲಿ, ನಾಲಗೆ ತೊದಲುವ ಲಯದಲ್ಲಿ, ಹೆಂಡವನ್ನೂ ಹೆಂಡತಿ ನಂಜಿಯನ್ನೂ ಕನ್ನಡ ಪದಗಳನ್ನೂ ಪ್ರೀತಿಸುವವನೊಬ್ಬ ಎದ್ದು ನಿಂತ. ಬರೆದವರು ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ಮೇಷ್ಟರು, ಮಕ್ಕಳ ಪದ್ಯಗಳ ಅಚ್ಚುಮೆಚ್ಚಿನ ಕವಿ. ಐದನೆಯ ಶೀಲವನ್ನು ಅವರು ಚೆನ್ನಾಗಿ ಬಲ್ಲವರು. ಹಾಗಿದ್ದೂ ಕುಡುಕನ ಬಾಯಿಂದಲೇ ಹಾಡಿಸಿದರು. ಆಗ ಕೆಲವರು ಮೂಗು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ.

ಪಾನವಿರೋಧಿ ಹಾಡುಗಳ ರಾಶಿಯ ಪಕ್ಕದಲ್ಲಿ ರತ್ನನನ್ನು ಕೂರಿಸಿ ನೋಡಿದರೆ, ಆ ಹಾಡುಗಳಲ್ಲಿ ಏನು ಕಡಿಮೆಯಿತ್ತೆಂದು ಗೊತ್ತಾಗುತ್ತದೆ. ಅವುಗಳಲ್ಲಿ ಕುಡುಕನಿಗೆ ಮುಖವೇ ಇರುವುದಿಲ್ಲ. ಅವನು ಕೆಂಡದ ಕಣ್ಣಿನ ರಾಕ್ಷಸ, ಇಲ್ಲವೇ ಚರಂಡಿಯಲ್ಲಿ ಬಿದ್ದ ದೇಹ. ರಾಜರತ್ನಂ ಅವನಿಗೆ ಹೆಸರು ಕೊಟ್ಟರು, ಸಂಸಾರ ಕೊಟ್ಟರು, ಯಾವುದನ್ನು ಬಿಡಬಲ್ಲೆ, ಯಾವುದನ್ನು ಬಿಡಲಾರೆ ಎಂದು ದೇವರೆದುರೇ ಲೆಕ್ಕ ಹಾಕುವ ಬುದ್ಧಿ ಕೊಟ್ಟರು. ಆ ಲೆಕ್ಕದಲ್ಲಿ ಅವನು ಹೆಂಡವನ್ನು ಬಿಡಲು ಒಪ್ಪುತ್ತಾನೆ, ಕನ್ನಡವನ್ನು ಬಿಡಲು ಒಪ್ಪುವುದಿಲ್ಲ. ಇದು ಬಹಳ ಜನ ಮರೆಯುವ ಮಾತು. ಮೈಸೂರು ಅನಂತಸ್ವಾಮಿ ಆ ಪದಗಳಿಗೆ ರಾಗ ಹಾಕಿ ಹಾಡಿದ ಮೇಲೆ ಅವು ಮನೆಮನೆಗೆ ಹೋದವು, ಕೆಲವು ಸಲ ಕುಡಿಯುವ ಕೂಟಗಳಿಗೂ ಹೋದವು. ಕುಡಿಯುವವನನ್ನು ಮನುಷ್ಯ ಎಂದು ಬಗೆದ ಮೇಲೆಯೇ ಅವನ ಜೊತೆ ಮಾತು ಶುರುವಾಗುತ್ತದೆ ಎಂಬುದನ್ನು ಇಂದಿನ ಮದ್ಯವರ್ಜನ ಶಿಬಿರಗಳು ಒಪ್ಪಿವೆ. ರಾಜರತ್ನಂ ಅದನ್ನು 1930ರ ದಶಕದಲ್ಲೇ ಪದ್ಯದಲ್ಲಿ ಮಾಡಿ ತೋರಿಸಿದ್ದರು.

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೆಯ ವಿಧಿ ಪಾನನಿಷೇಧವನ್ನು ರಾಜ್ಯದ ಗುರಿಯೆಂದು ಬರೆಯಿತು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳೂ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡವೂ ಏಕೀಕರಣಕ್ಕೆ ಮುಂಚೆಯೇ ನಿಷೇಧ ಕಂಡಿದ್ದವು. 1967ರಲ್ಲಿ ಮೈಸೂರು ರಾಜ್ಯ ನಿಷೇಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನಲ್ಲಿ ಈಚಲು ಮರ ಕಡಿದು ಜೈಲಿಗೆ ಹೋದ ನಿಜಲಿಂಗಪ್ಪನವರೇ. ಆ ಕೊಡಲಿಗೂ ಈ ಕಡತಕ್ಕೂ ನಡುವೆ ಇಪ್ಪತ್ತೆಂಟು ವರ್ಷ. ಕಳ್ಳಬಟ್ಟಿ ತಡೆಯಲಾಗುತ್ತಿಲ್ಲ, ಖಜಾನೆ ಬರಿದಾಗಿದೆ ಎಂಬುದು ಆಗ ಎಲ್ಲೆಡೆ ಕೇಳುತ್ತಿದ್ದ ವಾದ. ಅದರಲ್ಲಿ ನಿಜವೂ ಇತ್ತು. ಆದರೆ ಅಲ್ಲಿಂದ ಮುಂದೆ ಸಾರಾಯಿ ಗುತ್ತಿಗೆ ಕರ್ನಾಟಕದ ರಾಜಕಾರಣಕ್ಕೆ ಹಣದ ಬಾವಿಯಾಯಿತು. ಗುತ್ತಿಗೆದಾರರು ಶಾಸಕರಾದರು, ಶಾಸಕರು ಗುತ್ತಿಗೆದಾರರಾದರು.

ಬೆಲೆ ತೆತ್ತವರು ಬೇರೆಯವರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮಿಥೈಲ್ ಆಲ್ಕೋಹಾಲ್ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಉಸಿರು. 2008ರ ಮೇ ತಿಂಗಳಲ್ಲಿ ಅದೇ ಮತ್ತೆ ನಡೆಯಿತು: ಬೆಂಗಳೂರು, ಆನೇಕಲ್, ಗಡಿಯಾಚೆಯ ಕೃಷ್ಣಗಿರಿ ಎಲ್ಲ ಸೇರಿ ನೂರೈವತ್ತಕ್ಕೂ ಹೆಚ್ಚು ಸಾವು. ಎರಡು ಸಲವೂ ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು.

ದಲಿತ ಸಂಘರ್ಷ ಸಮಿತಿ 1980ರ ದಶಕದಲ್ಲಿ ಹೆಂಡ ಬೇಡ, ಅದರ ಬದಲು ನಮ್ಮ ಮಕ್ಕಳಿಗೆ ವಸತಿ ಶಾಲೆ ಕೊಡಿ, ಭೂಮಿ ಕೊಡಿ ಎಂದು ಬೀದಿಗಿಳಿಯಿತು. ಆ ಘೋಷಣೆಯ ಕಟ್ಟೋಣವನ್ನು ಗಮನಿಸಬೇಕು. ಹಳೆಯ ಹಾಡುಗಳು ಬಿಡು ಎಂದಷ್ಟೇ ಹೇಳಿ ನಿಲ್ಲುತ್ತಿದ್ದವು. ಇದು ಬಿಟ್ಟ ಜಾಗದಲ್ಲಿ ಏನು ಬರಬೇಕೆಂದು ಹೇಳಿತು. ಅದಕ್ಕಿಂತ ಹೆಚ್ಚಾಗಿ, ಮಾತು ಕುಡಿಯುವವನ ಕಡೆಯಿಂದ ತಿರುಗಿ ವಿಧಾನಸೌಧದ ಕಡೆಗೆ ಮುಖ ಮಾಡಿತು. ತಮಟೆಯ ಸದ್ದಿಗೆ ಹಾಡುವ ಜಾಥಾಗಳು ಕೋಲಾರದಿಂದ ಬೆಂಗಳೂರಿನ ಕೊಳೆಗೇರಿಗಳವರೆಗೂ ಬಂದವು. ಕೇರಿಯ ಮಂದಿಯ ವಾದ್ಯವೇ ಕೇರಿಯ ಪಡಖಾನೆಯ ವಿರುದ್ಧ ಮೊಳಗಿತು.

ಇದೇ ಹೊರಳಿಕೆಯನ್ನು ಇನ್ನೂ ಚೆನ್ನಾಗಿ ತೋರಿಸುವ ವಸ್ತು ಒಂದು ಶಾಲಾಪುಸ್ತಕ. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1990ರ ಹೊತ್ತಿಗೆ ಸಾಕ್ಷರತಾ ಆಂದೋಲನ ಶುರುವಾಯಿತು. ರಾತ್ರಿ ಶಾಲೆಯ ಹೆಂಗಸರಿಗೆಂದು ಮಾಡಿದ ಪಾಠಮಾಲೆಯಲ್ಲಿ ಸೀತಮ್ಮ ಎಂಬಾಕೆಯ ಕತೆಯಿತ್ತು, ಸಾರಾಯಿಯಿಂದ ಹಾಳಾದ ಸಂಸಾರದ ಕತೆ. ಅಕ್ಷರ ಕೂಡಿಸಿ ಓದುತ್ತಿದ್ದ ಹೆಂಗಸರು ಇದು ನಮ್ಮ ಮನೆಯ ಕತೆಯೇ ಎಂದರು. ದೂಬಗುಂಟ ಗ್ರಾಮದವರು ಪಾಠ ಮುಚ್ಚಿಟ್ಟು ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ಮುಂದಿನ ಪುಸ್ತಕದಲ್ಲಿ ದೂಬಗುಂಟದ ಕತೆಯೇ ಪಾಠವಾಯಿತು. ಹೆಂಗಸರು ಒಂದಾದರೆ ಎಂಬ ಅರ್ಥದ ತಲೆಬರಹ. ಅದನ್ನು ಓದಿ ನೂರಾರು ಹಳ್ಳಿಗಳ ಹೆಂಗಸರು ಪೊರಕೆ ಹಿಡಿದು ಹೊರಟರು. 1992ರಲ್ಲಿ ಸಾರಾಯಿ ಹರಾಜು ನಡೆಸುವುದೇ ಸರ್ಕಾರಕ್ಕೆ ಕಷ್ಟವಾಯಿತು. 1993ರ ಅಕ್ಟೋಬರ್ 1ರಂದು ಆಂಧ್ರದಲ್ಲಿ ಸಾರಾಯಿ ನಿಂತಿತು.

ಪ್ರಚಾರ ಸಾಹಿತ್ಯ ಎಂದರೆ ಮೂಗು ಮುರಿಯುವ ನಮ್ಮ ಸಾಹಿತ್ಯಲೋಕ ಆ ಪುಟಗಳನ್ನು ಇನ್ನೊಮ್ಮೆ ನೋಡಬೇಕು. ದೊಡ್ಡ ಅಕ್ಷರಗಳಲ್ಲಿ ಅಚ್ಚಾದ ಎರಡು ಪುಟದ ಕತೆಯ ಹೊಡೆತಕ್ಕೆ ಒಂದು ರಾಜ್ಯದ ಅಬಕಾರಿ ನೀತಿ ಬದಲಾಯಿತು. ಅದೇ ವರ್ಷಗಳಲ್ಲಿ ಕರ್ನಾಟಕದ ಸಾಕ್ಷರತಾ ಕಲಾಜಾಥಾಗಳೂ ಕೋಲಾರ, ವಿಜಾಪುರ, ದಕ್ಷಿಣ ಕನ್ನಡಗಳಲ್ಲಿ ಹಾಡು, ಬೀದಿ ನಾಟಕ ಹೊತ್ತು ತಿರುಗಿದವು. ಕುಡಿತದ ದೃಶ್ಯವಿಲ್ಲದ ಬೀದಿ ನಾಟಕ ಆಗ ಅಪರೂಪ. ತೂರಾಡುವ ಗಂಡನ ಪಾತ್ರ ಬಂದಾಗ ಮೊದಲು ಗಂಡಸರು ನಗುತ್ತಿದ್ದರು. ಹೆಂಗಸರು ನಗುತ್ತಿರಲಿಲ್ಲ.

ಕನ್ನಡ ನಾಡು ಈ ಚಳವಳಿಗೆ ಕೊಟ್ಟ ಅತ್ಯಂತ ಸುಂದರ ವಸ್ತು ಮಾತ್ರ ಹಾಡೂ ಅಲ್ಲ, ಪುಸ್ತಕವೂ ಅಲ್ಲ. ಅದೊಂದು ಜೋಳಿಗೆ. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿ 1970ರ ದಶಕದಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಕೇರಿ ಕೇರಿ ತಿರುಗತೊಡಗಿದರು. ದುಡ್ಡು ಬೇಡ, ಜೋಳ ಬೇಡ, ನಿಮ್ಮ ದುಶ್ಚಟವನ್ನು ಇದರೊಳಗೆ ಹಾಕಿ ಎಂದು ಕೇಳಿದರು. ಕುಡಿತ, ಜೂಜು, ಬೀಡಿ, ಗುಟ್ಕಾ ಯಾವುದಾದರೂ ಸರಿ. ಮನೆ ಬಾಗಿಲಿಗೆ ಬಂದ ಜಂಗಮನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಸಂಸ್ಕಾರ ಈ ನೆಲದಲ್ಲಿ ಎಷ್ಟು ಆಳವಾಗಿದೆ ಎಂಬುದು ಸ್ವಾಮೀಜಿಗೆ ಗೊತ್ತಿತ್ತು. ಪಿಟ್ಸ್‌ಬರ್ಗಿನ ಮರ್ಫಿ ಚೀಟಿ ಕೊಡುತ್ತಿದ್ದ, ಇಳಕಲ್ಲಿನ ಅಜ್ಜಾವರು ತಾವೇ ಬೇಡುತ್ತಿದ್ದರು. ಬಿಡಲು ಹೊರಟವನು ಇಲ್ಲಿ ದಾನಿಯಾಗುತ್ತಾನೆ. ಅವನಿಗೆ ಅವಮಾನವಿಲ್ಲ. 2018ರಲ್ಲಿ ಸ್ವಾಮೀಜಿ ಲಿಂಗೈಕ್ಯರಾದ ಮೇಲೆ ಅವರ ಹುಟ್ಟುದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳದ್ದು ಇನ್ನೊಂದು ಹಾದಿ. ಭಜನೆ, ಯೋಗ, ಊಟ, ಹೆಂಡತಿ ಮಕ್ಕಳ ಎದುರು ಮಾತು. ಬಿಟ್ಟವರ ನವಜೀವನ ಸಮಿತಿಗಳು ಒಬ್ಬರನ್ನೊಬ್ಬರು ಕಾಯುತ್ತವೆ. ಇಲ್ಲಿ ಹಾಡು ಯಾರ ಮೇಲೂ ದೂರು ಹೇಳುವುದಿಲ್ಲ. ನಡುಗುವ ಕೈಗಳಿಗೆ ತಾಳ ಕೊಟ್ಟು ಕೂರಿಸುವುದೇ ಅದರ ಕೆಲಸ.

ರಾಜ್ಯ ಸರ್ಕಾರದ್ದೇ ಒಂದು ಮದ್ಯಪಾನ ಸಂಯಮ ಮಂಡಳಿಯೂ ಇದೆ. ಭಿತ್ತಿಪತ್ರ, ಬೀದಿ ನಾಟಕ, ಶಾಲಾ ಕಾಲೇಜುಗಳಲ್ಲಿ ಅರಿವಿನ ಕಾರ್ಯಕ್ರಮ ಅದರ ಕೆಲಸ. ಅಲ್ಲಿ ದುಡಿಯುವವರ ನಿಷ್ಠೆಯ ಬಗ್ಗೆ ಮಾತಿಲ್ಲ. ಆದರೆ 2023-24ರಲ್ಲಿ ರಾಜ್ಯದ ಅಬಕಾರಿ ವರಮಾನ 34,000 ಕೋಟಿ ರೂಪಾಯಿ ದಾಟಿತು. ಸರ್ಕಾರದ್ದೇ ಕಂಪನಿಯಾದ ಎಂಎಸ್‌ಐಎಲ್ ಹಳ್ಳಿ ಹಳ್ಳಿಗಳಲ್ಲಿ ಮದ್ಯದಂಗಡಿ ನಡೆಸುತ್ತಿದೆ. ಒಂದು ಕೈ ಬರೆದ ಭಿತ್ತಿಪತ್ರವನ್ನು ಇನ್ನೊಂದು ಕೈ ತೆರೆದ ಅಂಗಡಿಯ ಗೋಡೆಗೇ ಅಂಟಿಸಬೇಕಾದ ಸ್ಥಿತಿ ಇದು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಪ್ಯಾಕೆಟ್ ಸಾರಾಯಿಯ ಅಂಗಡಿಗಳು ಮುಚ್ಚಿದ ಆ ದಿನ ಎಷ್ಟೋ ಕೇರಿಗಳ ಹೆಂಗಸರಿಗೆ ಹಬ್ಬ. ಆದರೆ ಕುಡಿಯುವವರು ಅಗ್ಗದ ವಿಸ್ಕಿ, ಬ್ರಾಂದಿಯ ಕ್ವಾರ್ಟರಿಗೆ ಹೊರಳಿದರು. ಸಾರಾಯಿಗಿಂತ ಅದು ದುಬಾರಿ. ಕೂಲಿಯಲ್ಲಿ ಮನೆಗೆ ಬರುವ ಪಾಲು ಇನ್ನಷ್ಟು ಕಡಿಮೆಯಾಯಿತು. ಈ ಲೆಕ್ಕವನ್ನು ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಹೇಳಿದವರು ರಾಯಚೂರು ಸೀಮೆಯ ಕೂಲಿ ಹೆಂಗಸರು. ಅವರಿಂದ ಮದ್ಯ ನಿಷೇಧ ಆಂದೋಲನ ಬೆಳೆಯಿತು.

2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು ಬೆಂಗಳೂರಿಗೆ ನಡೆದುಕೊಂಡು ಹೊರಟರು. ಸುಮಾರು 200 ಕಿಲೋಮೀಟರ್, ಹನ್ನೆರಡು ದಿನ. ತಲೆಯ ಮೇಲೆ ಗಂಟು, ಕಾಲಲ್ಲಿ ಹವಾಯಿ ಚಪ್ಪಲಿ. ದಾರಿಯಲ್ಲಿ ಅಪಘಾತವಾಗಿ ಅವರಲ್ಲೊಬ್ಬ ಹಿರಿಯ ಹೆಣ್ಣುಮಗಳು ತೀರಿಕೊಂಡರು. ಉಳಿದವರು ನಡೆದರು. ದಣಿವು ಮರೆಯಲು ಹಾಡಿದರು. ಸೋಬಾನೆ, ಬೀಸುವ ಪದ, ಮೊಹರಮ್ಮಿನ ಹೆಜ್ಜೆಮೇಳ ಎಲ್ಲದರ ಲಯ ಬಲ್ಲ ಸೀಮೆಯ ಹೆಂಗಸರು ಅವರು. ಗಾಂಧಿ ಸತ್ತ ದಿನ, ಜನವರಿ 30ಕ್ಕೆ, ಬೆಂಗಳೂರು ಮುಟ್ಟಿದರು.

ಅವರ ಬೇಡಿಕೆಗಳಲ್ಲಿ ಒಂದು, ಊರಿನಲ್ಲಿ ಮದ್ಯದಂಗಡಿ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಗ್ರಾಮಸಭೆಗೆ ಬೇಕೆಂಬುದು. ಇದು ನಡೆಯಲಾಗದ ಮಾತಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂಥ ನಿಯಮವಿದೆ. ಹೆಂಗಸರು ಅರ್ಜಿ ಹಾಕಿದರೆ ಊರಿನಲ್ಲೋ ವಾರ್ಡಿನಲ್ಲೋ ಮತದಾನ ನಡೆಸಬೇಕು, ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಕನ್ನಡ ಮಾತಾಡುವ ಜತ್ತ, ಅಕ್ಕಲಕೋಟೆಯ ಹಳ್ಳಿಗಳೂ ಆ ಕಾನೂನಿನೊಳಗೇ ಬರುತ್ತವೆ.

ಆ ಮತಪತ್ರದಲ್ಲಿ ಅಕ್ಷರ ಓದಲು ಬಾರದವರಿಗಾಗಿ ಎರಡೇ ಚಿತ್ರ ಇರುತ್ತವೆ. ಒಂದರಲ್ಲಿ ನಿಂತ ಬಾಟಲಿ: ಅಂಗಡಿ ಇರಲಿ. ಇನ್ನೊಂದರಲ್ಲಿ ಅಡ್ಡ ಮಲಗಿದ ಬಾಟಲಿ: ಅಂಗಡಿ ಹೋಗಲಿ. ಮತದಾನಕ್ಕೆ ಮುಂಚಿನ ವಾರ ಹೆಂಗಸರು ಓಣಿ ಓಣಿ ತಿರುಗಿ ಬಾಟಲಿ ಮಲಗಿಸಿರೆಂದು ಹೇಳುತ್ತ ಹೋಗುತ್ತಾರೆ. ಮರ್ಫಿ ಟೌನಿನ ವಾರ್ಡಿಗೆ ಅಂಥದ್ದೊಂದು ಮತಪತ್ರ ಇನ್ನೂ ಬಂದಿಲ್ಲ.